ವಾಪಸ್ ಕೊಟ್ಟ ಕಾರು

"ನಿಮ್ಮ ಎಲೆಕ್ಟ್ರಿಕ್ ಕಾರನ್ನ ಕಂಪನಿಯೇ ವಾಪಸ್ ತಗೊಳ್ಳುತ್ತೆ ಸಾರ್, ಪೂರ್ತಿ ದುಡ್ಡೂ ಕೊಡುತ್ತೆ. ಆದ್ರೆ ಅದ್ರಲ್ಲಿ ಏನು ತೊಂದರೆ ಇತ್ತು ಅಂತ ನೀವು ಯಾರ ಹತ್ರಾನೂ ಬಾಯಿ ಬಿಡಬಾರದು," ಎಂದ ಶೋರೂಮಿನ ಮ್ಯಾನೇಜರ್.

"ತೊಂದರೇನಾ? ಎಷ್ಟು ರಿಪೇರಿ ಮಾಡಿದ್ರೂ ನಡುರಸ್ತೇಲಿ ಗಕ್ಕಂತ ನಿಲ್ಲುತ್ತೆ, ಬಾಗಿಲೂ ತೆಗೆಯಲ್ಲ. ನನ್ನ ಮೊಮ್ಮಗಳು ಒಳಗೆ ಉಸಿರುಕಟ್ಟಿ ಒದ್ದಾಡಿದ್ಲಲ್ಲಯ್ಯಾ!"

"ಅದೇ ಸಾರ್, ಅದನ್ನೇ ಹೇಳಬಾರದು. ಹೇಳಿದ್ರೆ ಚೆಕ್ಕು ಬರಲ್ಲ."

ವರ್ಷವಿಡೀ ಅಲೆದು ಚಪ್ಪಲಿ ಸವೆಸಿದ್ದ ದೇವೀರಪ್ಪ ಸಹಿ ಹಾಕಿ, ಕೀ ಕೊಟ್ಟು ಬಂದ.

ತಿಂಗಳಾದ ಮೇಲೆ ಚೆಕ್ಕಿಗೆಂದು ಹೋದರೆ, ಶೋರೂಮಿನ ಅಂಗಳದಲ್ಲಿ ಅವನದೇ ಕಾರು ಥಳಥಳ ತೊಳೆಸಿಕೊಂಡು, ಚೆಂಡುಹೂವಿನ ಹಾರ ಹಾಕಿಕೊಂಡು ನಿಂತಿತ್ತು. ಪಕ್ಕದಲ್ಲೊಬ್ಬ ಗಂಡ, ಹೆಂಡತಿ, ಅವಳ ಕಂಕುಳಲ್ಲೊಂದು ಕೂಸು.

ಗಂಡ ನಗುನಗುತ್ತಾ ಎದುರು ಬಂದ. "ಮೊದ್ಲು ಇದು ನಿಮ್ದೇ ಅಂತಲ್ಲ ಯಜಮಾನ್ರೇ? ಮ್ಯಾನೇಜರ್ ಹೇಳಿದ್ರು. ಇಷ್ಟು ಒಳ್ಳೇ ಗಾಡಿ ಯಾಕೆ ಕೊಟ್ಬಿಟ್ರಿ?"

ಚೆಕ್ಕಿನ ಕವರ್ ಹಿಡಿದ ಮ್ಯಾನೇಜರ್ ಬಾಗಿಲಲ್ಲೇ ನಿಂತಿದ್ದ.

"ಮನೇಲಿ ದೊಡ್ಡ ಗಾಡಿ ಬೇಕು ಅಂತ ಹಟ ಹಿಡಿದ್ರಪ್ಪ," ಎಂದ ದೇವೀರಪ್ಪ. "ಅಷ್ಟೇ."

"ಹಾಗಾದ್ರೆ ನಮ್ಮ ಅದೃಷ್ಟ ಬಿಡಿ! ಪೂಜೆ ಈಗ ತಾನೇ ಆಯ್ತು. ದೊಡ್ಡೋರು, ಕಾಯಿ ನಿಮ್ಮ ಕೈಯಿಂದಲೇ ಒಡೀಲಿ."

ಹೆಂಡತಿ ಕೂಸನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬಾಗಿಲು ಹಾಕಿದಳು. ದೇವೀರಪ್ಪ ತೆಂಗಿನಕಾಯಿ ಇಸಿದುಕೊಂಡು, ಯಾರ ಕೆಟ್ಟ ಕಣ್ಣೂ ತಾಗದಿರಲೆಂದು ಕಾರಿಗೆ ನಿವಾಳಿಸಿ, ನೆಲಕ್ಕೆ ಅಪ್ಪಳಿಸಿದ.