ಬದುಕಿರುವವರು ಕಣ್ಣು ಮಿಟುಕಿಸಿ

‘ಇದು ಭಾವಚಿತ್ರದಂತೆ ಕಾಣುತ್ತಿದೆ. ದಯವಿಟ್ಟು ಜೀವಂತ ವ್ಯಕ್ತಿಯನ್ನು ಕ್ಯಾಮೆರಾದ ಮುಂದೆ ಕೂರಿಸಿ’ ಎಂದು ಲೈಬ್ರರಿಯ ಕಂಪ್ಯೂಟರ್ ಮತ್ತೊಮ್ಮೆ ಬರೆದು ತೋರಿಸಿದಾಗ, ಕುರ್ಚಿಯಲ್ಲಿ ಕೂತಿದ್ದ ನಿವೃತ್ತ ನರ್ಸಮ್ಮನಿಗೆ ಮೈಯೆಲ್ಲ ಉರಿಯಿತು. ಪಕ್ಕದಲ್ಲಿ ನಿಂತಿದ್ದ ಗಂಡನಿಗೆ ಮಾತ್ರ ಹೆಮ್ಮೆಯಾಯಿತು. ಕೂದಲು ಹಣ್ಣಾಗುವ ತನಕ ಫೋಟೋ ಸ್ಟುಡಿಯೋ ನಡೆಸಿದವರು ಅವರು.

“ನೋಡಿದ್ಯಾ? ಕಂಪ್ಯೂಟರಿಗೂ ಗೊತ್ತಾಗ್ಲಿಲ್ಲ. ಅಷ್ಟು ಸ್ಟೆಡಿ ನೀನು!”

“ನಿಮ್ಮ ಸ್ಟೆಡಿಗೆ ಬೆಂಕಿ ಹಾಕ. ಐದು ಗಂಟೆಯೊಳಗೆ ನಾನು ಬದುಕಿದ್ದೀನಿ ಅಂತ ಇದು ಒಪ್ಪದಿದ್ರೆ ಬರೋ ತಿಂಗಳಿಂದ ಪಿಂಚಣಿ ನಿಲ್ಲುತ್ತೆ. ಆಗ ಆ ಸ್ಟೆಡಿಯನ್ನೇ ಬೇಯಿಸಿ ಹಾಕ್ತೀನಿ, ತಿನ್ನಿ.”

ಪಿಂಚಣಿ ಪಡೆಯುವವರು ತಾವು ಬದುಕಿರುವುದನ್ನು ವರ್ಷಕ್ಕೊಮ್ಮೆ ಸಾಬೀತು ಮಾಡಬೇಕು. ಹಿಂದೆಲ್ಲ ಕಚೇರಿಯ ಬಾಗಿಲಲ್ಲಿ ನಿಂತು ಕೆಮ್ಮಿದರೆ ಸಾಕಿತ್ತು. ಈಗ ಸರ್ಕಾರದ ಜಾಲತಾಣ ತೆರೆದು, ಕ್ಯಾಮೆರಾದ ಮುಂದೆ ಕೂತು ಕಣ್ಣು ಮಿಟುಕಿಸಬೇಕು. ಇವತ್ತು ಕೊನೆಯ ದಿನ. ಲೈಬ್ರರಿಯ ಮೇಡಂ ‘ಓದುಗರಿಗೆ ಉಪಯುಕ್ತ ಜಾಲತಾಣಗಳು’ ಎಂದು ಬಣ್ಣಬಣ್ಣದ ಅಕ್ಷರದಲ್ಲಿ ಪಟ್ಟಿಯೊಂದನ್ನು ಬರೆದು ಗೋಡೆಗೆ ತೂಗುಹಾಕಿದ್ದರು. ನಿಘಂಟು, ಹಳೆಯ ಪುಸ್ತಕಗಳ ಭಂಡಾರ, ಮನೆಯಲ್ಲೇ ಕೂತು ಕಲಿಯುವ ಉಚಿತ ಪಾಠಗಳು, ನಕ್ಷತ್ರಗಳ ನಕ್ಷೆ. ಕೊನೆಗೆ, ಹೇಗೂ ಜಾಗ ಉಳಿಯಿತಲ್ಲ ಎಂದು, ಪಿಂಚಣಿ. ನಕ್ಷತ್ರ ನೋಡಲು ಇವತ್ತಿನವರೆಗೆ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಪಿಂಚಣಿಗೆ ಬಾಗಿಲ ತನಕ ಸಾಲು.

“ಸಿಸ್ಟರ್, ಏನಿಲ್ಲ, ರೆಪ್ಪೆ ಒಂದ್ಸಲ ಮುಚ್ಚಿ ತೆಗೀರಿ ಅಷ್ಟೇ,” ಎಂದರು ಮೇಡಂ.

“ಮುಚ್ಚಬೇಕು ಅಂತಲೇ ಕೂತಿದ್ದೀನಿ ಮೇಡಂ. ಆ ಗಾಜು ಎದುರಿಗೆ ಬಂದ ಕೂಡಲೇ ಕಣ್ಣು ಬಿಟ್ಟದ್ದು ಬಿಟ್ಟ ಹಾಗೇ ನಿಂತುಬಿಡ್ತವೆ.”

ಪಾಪ, ತಪ್ಪು ಅವರದಲ್ಲ. ಸ್ಟುಡಿಯೋಗೆ ಹೊಸ ಲೈಟು ಬರಲಿ, ಹೊಸ ಪರದೆ ಬರಲಿ, ಮೊದಲು ಸ್ಟೂಲಿನ ಮೇಲೆ ಕೂರಬೇಕಾದವರು ಹೆಂಡತಿಯೇ. ‘ಮಿಟುಕಿಸಿದ್ರೆ ಫಿಲ್ಮು ದಂಡ’ ಎಂದು ಗದರಿ ಗದರಿ ಗಂಡ ಅವರನ್ನು ಪಳಗಿಸಿಬಿಟ್ಟಿದ್ದರು.

ಸಾಲಿನಲ್ಲಿ ಹಿಂದೆ ನಿಂತಿದ್ದ ನಿವೃತ್ತ ಬಸ್ ಡ್ರೈವರ್ ತಡೆಯಲಾರದೆ ಬಾಯಿ ಹಾಕಿದರು. “ಕಿವಿ ಹತ್ರ ಚಪ್ಪಾಳೆ ಹೊಡೀರಿ ಸ್ವಾಮಿ. ಬೆಚ್ಚಿಬಿದ್ದು ಮಿಟುಕಿಸ್ತಾರೆ.”

ಗಂಡ ಚಪ್ಪಾಳೆ ಹೊಡೆದರು. ಆಯುಷ್ಯವೆಲ್ಲ ಆಪರೇಷನ್ ಥಿಯೇಟರಿನಲ್ಲಿ ಕಳೆದ ಹೆಂಗಸು ಅಲುಗಲಿಲ್ಲ, ಬೆಚ್ಚಿದ್ದು ಡ್ರೈವರ್. ಮೇಡಂ ಪೇಪರ್ ಮಡಿಚಿ ಮುಖಕ್ಕೆ ಗಾಳಿ ಬೀಸಿದರು. ಮುಂಗುರುಳು ಹಾರಿತು, ರೆಪ್ಪೆ ಹಾರಲಿಲ್ಲ. ಅಷ್ಟರಲ್ಲಿ ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು: ‘ಇದು ಇಂದಿನ ಕೊನೆಯ ಅವಕಾಶ.’ ನರ್ಸಮ್ಮನ ಮುಖ ಸಣ್ಣಗಾಯಿತು.

“ಎಲ್ಲರೂ ಪಕ್ಕಕ್ಕೆ ಬನ್ನಿ. ಇದು ನನ್ನ ಕಸುಬು,” ಎಂದು ಗಂಡ ಮುಂದೆ ಬಂದರು. ಕ್ಯಾಮೆರಾದ ಪಕ್ಕದಲ್ಲಿ ಬಗ್ಗಿ, ಒಂದು ಕಣ್ಣು ಕಿರಿದು ಮಾಡಿ, “ಗದ್ದ ಸ್ವಲ್ಪ ಕೆಳಗೆ. ಹಾಂ. ಎಡಕ್ಕೆ ತಿರುಗು. ಸಾಕು ಸಾಕು…” ಎನ್ನುತ್ತ ಕಿಟಕಿಯ ಬೆಳಕು ಮುಖದ ಮೇಲೆ ಎಲ್ಲಿ ಬೀಳುತ್ತಿದೆ ಎಂದು ಹತ್ತಿರದಿಂದ ನೋಡಿದರು. ನೋಡಿದವರೇ ಗಾಬರಿಯಾದರು.

“ಲೇ, ಇದೇನೇ ಇದು ಮೂಗಿನ ಪಕ್ಕದಲ್ಲಿ? ಮಚ್ಚೆ! ಯಾವಾಗ ಬಂತೇ? ಡಾಕ್ಟರಿಗೆ ತೋರಿಸಿದ್ಯಾ?”

ತಾವು ತೆಗೆದ ಹೆಂಡತಿಯ ಪ್ರತಿಯೊಂದು ಫೋಟೋದ ನೆಗೆಟಿವ್ ಮೇಲೂ ಪೆನ್ಸಿಲ್ ಆಡಿಸಿ ಆ ಮಚ್ಚೆಯನ್ನು ಅಳಿಸಿದ್ದವರು ಅವರೇ. ಮನೆಯ ಗೋಡೆಯ ಮೇಲಿದ್ದ ಯಾವ ಹೆಂಡತಿಗೂ ಮಚ್ಚೆ ಇರಲಿಲ್ಲ. ಇಷ್ಟು ವರ್ಷ ಅವರು ನೋಡುತ್ತ ಬಂದದ್ದು ಗೋಡೆಯನ್ನೇ.

ನರ್ಸಮ್ಮ ಕಣ್ಣು ಮಿಟುಕಿಸಿದರು. ಕೇಳಿದ್ದನ್ನು ನಂಬಲಾಗದೆ ಇನ್ನೊಮ್ಮೆ ಮಿಟುಕಿಸಿದರು. ಆಮೇಲೆ ಬಾಯಿ ಬಂತು.

“ಹುಟ್ಟಿದಾಗ ಬಂತು ಕಣ್ರೀ! ‘ಮೂಗಿನ ಪಕ್ಕ ಮಚ್ಚೆ ಇರೋಳು, ಬಾಯಿ ಜೋರಿರುತ್ತೆ’ ಅಂತ ನಿಮ್ಮಮ್ಮ ಮೊದಲನೇ ದಿನವೇ ಅಂದಿರ್ಲಿಲ್ವಾ? ಕಣ್ಣು ಮಂಜಾಗಿದ್ದ ಆ ಮುದುಕಿಗೆ ಕಂಡಿದ್ದು ನಿಮಗೆ ಕಾಣ್ಲಿಲ್ವಾ?”

ಕಂಪ್ಯೂಟರ್ ಟಣ್ ಎಂದಿತು. ‘ಧನ್ಯವಾದಗಳು. ನೀವು ಜೀವಂತವಾಗಿದ್ದೀರಿ.’

ಸಾಲಿನಲ್ಲಿದ್ದವರೆಲ್ಲ ಹೋ ಎಂದು ಕೂಗಿದರು. ಕೆಳಗಡೆ ಜಾಲತಾಣ ತೆಗೆದುಕೊಂಡ ಫೋಟೋ ಮೂಡಿತ್ತು. ಒಂದು ಹುಬ್ಬು ಮೇಲೆ, ಬಾಯಿ ಅರ್ಧ ತೆರೆದು, ಮಚ್ಚೆ ತನ್ನ ಜಾಗದಲ್ಲಿ. ಗಂಡ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು.

“ಲೈಟಿಂಗ್ ಸರಿಯಿಲ್ಲ,” ಎಂದರು. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ದನಿ ತಗ್ಗಿಸಿ, “ಮೇಡಂ, ಇದರದ್ದೊಂದು ನಕಲು ಸಿಗುತ್ತಾ?”

“ನಕಲು ಕೊಡೋಕೆ ಬರಲ್ಲ ಸರ್. ಅಸಲು ಇಲ್ಲೇ ಇದ್ದಾರಲ್ಲ.”

ಅಸಲು ಆಗಲೇ ಎದ್ದು, ಕೈಚೀಲ ಹೆಗಲಿಗೇರಿಸಿ, ಡ್ರೈವರಿಗೆ ಕುರ್ಚಿ ಎಳೆದುಕೊಡುತ್ತಿತ್ತು.

“ಕೂತ್ಕೊಳ್ಳಿ ಅಣ್ಣ. ಅದು ಬರೆಯೋದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ. ಯಾರನ್ನಾದ್ರೂ ಚೆನ್ನಾಗಿ ಬೈದ್ರೆ ಸಾಕು, ಬದುಕಿದ್ದೀರಿ ಅಂತ ತಕ್ಷಣ ಒಪ್ಪುತ್ತೆ. ಮನೆಯಿಂದ ಯಾರೂ ಜೊತೆಗೆ ಬಂದಿಲ್ವಾ? ಅಯ್ಯೋ… ಹಾಗಾದ್ರೆ ಇವರನ್ನೇ ಇಟ್ಕೊಳ್ಳಿ. ಕೆಲಸ ಮುಗಿದ ಮೇಲೆ ಮನೆಗೆ ಕಳಿಸಿ.”