ಅಭ್ಯಾಸದ ರೋಗಿ

“ಇನ್ನೂ ಸ್ವಲ್ಪ ಕುಗ್ಗಿ ಕೂತ್ಕೋ. ಹೀಗೆ ಕೂತ್ರೆ ಬಸ್ಸಿಗೆ ಕಾಯ್ತಿರೋ ಹಾಗಿದೆ,” ಎಂದ ತರಬೇತುದಾರ.

ಸಭಾಂಗಣದಲ್ಲಿ ನಗು ಎದ್ದಿತು. ವೇದಿಕೆಯ ಕುರ್ಚಿಯಲ್ಲಿದ್ದ ಹೆಂಗಸು ಹೇಳಿದಂತೆ ಕುಗ್ಗಿದಳು.

ಮುಂದಿನ ಸಾಲಿನಲ್ಲಿದ್ದ ಕತ್ತರಿ ಮೇಡಂ ನಗಲಿಲ್ಲ. ನಗುವಷ್ಟು ಯೋಗ್ಯತೆಯೂ ಈ ತಮಾಷೆಗಿಲ್ಲವೆಂದು ಆಕೆಯ ಅಭಿಪ್ರಾಯ. ಜೀವವಿಮೆ ಕಚೇರಿಯಲ್ಲಿ ಪರಿಹಾರದ ಅರ್ಜಿಗಳನ್ನು ತನಿಖೆ ಮಾಡುವ ವಿಭಾಗದ ಮುಖ್ಯಸ್ಥೆ ಆಕೆ. ಎದುರು ಕೂತು ಅಳುವವರಲ್ಲಿ ಯಾರು ನಿಜಕ್ಕೂ ಕಳೆದುಕೊಂಡವರು, ಯಾರು ಟೋಪಿ ಹಾಕಲು ಬಂದವರು ಎಂದು ಬೇರ್ಪಡಿಸುವುದೇ ಕಸುಬು. ಸಹೋದ್ಯೋಗಿಗಳು ಬೆನ್ನ ಹಿಂದೆ ಇಟ್ಟ ‘ಕತ್ತರಿ’ ಎಂಬ ಅಡ್ಡಹೆಸರು ಆಕೆಗೆ ಗೊತ್ತಿತ್ತು. ಒಳಗೊಳಗೇ ಇಷ್ಟವೂ ಇತ್ತು.

ಇಲ್ಲಿ ಬಂದು ಕೂರಬೇಕಾದದ್ದು ಮಾತ್ರ ಇಷ್ಟವಿರಲಿಲ್ಲ. ಆಕೆಯ ಕೈಕೆಳಗಿನ ಗುಮಾಸ್ತನೊಬ್ಬ ಒಂದು ಬೆಳಿಗ್ಗೆ ಮೇಜಿನ ಮೇಲೆ ತಲೆಯಿಟ್ಟು ಅಳತೊಡಗಿದವನು, ಈಗ ಉದ್ದನೆಯ ರಜೆಯಲ್ಲಿದ್ದ. “ಸೋಮಾರಿತನಕ್ಕೂ ಈಗ ಡಾಕ್ಟರ ಚೀಟಿ ಸಿಗುತ್ತೆ,” ಎಂದಿದ್ದಳು ಆಕೆ. ಮಾತು ಮೇಲಿನವರ ಕಿವಿಗೆ ಬಿತ್ತು. ಮನಸ್ಸು ಕುಸಿದವರಿಗೆ ಆಸರೆಯಾಗುವುದು ಹೇಗೆಂದು ಕಲಿಸುವ ತರಬೇತಿಗೆ ಆಕೆಯನ್ನೇ ಮೊದಲು ಕಳಿಸಿದರು.

ತರಬೇತುದಾರನೋ, ಕರುಣೆಯನ್ನೂ ಇಸ್ತ್ರಿ ಮಾಡಿಸಿಕೊಂಡು ಬಂದಂತಿದ್ದ. ಕೇಳಿಸಿಕೊಳ್ಳುವುದೇ ದೊಡ್ಡ ಕಲೆ ಎಂದು ಬೆಳಗಿನಿಂದ ಒಬ್ಬನೇ ಮಾತಾಡುತ್ತಿದ್ದ. ಸಭಿಕರಿಗೆಲ್ಲ ನೀವು, ತಾವು. ರೋಗಿಯ ಪಾತ್ರಕ್ಕೆಂದು ಕರೆತಂದ ಆ ಹೆಂಗಸಿಗೆ ಮಾತ್ರ ನೀನು. ಅವನ ಚೀಲ ಹೊತ್ತವಳೂ ಅವಳೇ, ನೀರು ಬಗ್ಗಿಸಿ ಕೊಟ್ಟವಳೂ ಅವಳೇ. ಬಾಡಿಗೆಗೆ ತಂದವರಿಗೆ ಮರ್ಯಾದೆ ಬೇರೆ ಯಾಕೆ ಅಂತಿರಬೇಕು ಎಂದುಕೊಂಡಳು ಕತ್ತರಿ ಮೇಡಂ.

“ಹೋದಲ್ಲೆಲ್ಲ ಇವಳನ್ನ ಕರ್ಕೊಂಡು ಹೋಗ್ತೀನಿ. ಚೆನ್ನಾಗಿ ಅಳ್ತಾಳೆ. ಮೋಸ ಹೋಗ್ಬೇಡಿ,” ಎಂದು ಅವನು ಕಣ್ಣು ಮಿಟುಕಿಸಿದ. “ಮಾತಾಡಿಸೋಕೆ ಯಾರು ಬರ್ತೀರಿ?”

ಎಲ್ಲರೂ ನೆಲ ನೋಡಿದರು. ಕತ್ತರಿ ಮೇಡಂ ಎದ್ದಳು. ಈ ಅಳುವಿನ ಬಣ್ಣ ಬಯಲು ಮಾಡಿ, ಊಟಕ್ಕೆ ಮುಂಚೆಯೇ ತನ್ನ ಕೆಲಸಕ್ಕೆ ಮರಳುವ ಹಂಚಿಕೆ.

“ಏನಾಗಿದೆ ನಿಮಗೆ?”

“ನಿದ್ದೆ ಬರಲ್ಲ. ಯಾವುದೂ ಬೇಡ ಅನ್ಸುತ್ತೆ.” ಬಾಯಿಪಾಠದ ಧಾಟಿ.

“ಸಾಯೋ ಯೋಚನೆ ಇದೆಯಾ?” ನೇರವಾಗಿಯೇ ಕೇಳಬೇಕೆಂದು ತರಬೇತುದಾರ ಹೇಳಿಕೊಟ್ಟಿದ್ದ. ಆಕೆ ಬಸ್ಸಿನಲ್ಲಿ ಟಿಕೆಟ್ ಕೇಳುವ ಹಾಗೆ ಕೇಳಿದಳು.

“ಇದೆ.”

“ಓಹೋ. ತಯಾರಿ ಏನು ಮಾಡ್ಕೊಂಡಿದ್ದೀರಿ?”

“ಬೆಕ್ಕನ್ನ ಕೊಟ್ಬಿಟ್ಟೆ.”

“ಯಾರಿಗೆ?”

“ಹಿಂದಿನ ಬೀದಿ ಹೊಲಿಗೆಯವರಿಗೆ.”

“ಅವರಿಗೇ ಯಾಕೆ?”

“ಅವರ ಮನೇಲಿ ಮಧ್ಯಾಹ್ನನೂ ಜನ ಇರ್ತಾರೆ. ಬೆಕ್ಕು ವಾಪಸ್ ಬಂತು. ಬಿಟ್ಟು ಬಂದೆ. ಮತ್ತೂ ಬಂತು. ಈಗ ರೂಮಲ್ಲಿ ಕೂಡಿಹಾಕಿದಾರೆ.”

“ಎಲ್ಲಿಂದ ತಂದೆ ಈ ಬೆಕ್ಕಿನ ಕಥೆ?” ತರಬೇತುದಾರ ನಕ್ಕ. “ಹೇಳಿಕೊಟ್ಟಷ್ಟು ಹೇಳು, ಸಾಕು. ಬಾಲಂಗೋಚಿ ಬೇಡ.”

ಕತ್ತರಿ ಮೇಡಂ ಅವನತ್ತ ತಿರುಗಲಿಲ್ಲ. ಸುಳ್ಳು ಹೇಳುವವರ ಮಾತು ಕೆದಕಿದಷ್ಟೂ ಬೆಳೆಯುತ್ತದೆ. ಇವಳದು ಚಿಕ್ಕದಾಗುತ್ತಿತ್ತು. ಕಣ್ಣಲ್ಲಿ ಹನಿ ನೀರಿಲ್ಲ. ಅಳುವುದಕ್ಕೆಂದೇ ಬಂದವಳು ಅಳುವುದನ್ನೇ ಮರೆತಿದ್ದಳು.

“ಯಾವತ್ತು ಅಂತ ಯೋಚನೆ ಮಾಡಿದ್ದೀರಾ?” ಈ ಸಲ ದನಿ ತಗ್ಗಿತ್ತು.

“ಇವತ್ತೇ. ಇಲ್ಲಿಂದ ಹೋದ್ಮೇಲೆ.”

ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ತರಬೇತುದಾರ ಕೈಯೆತ್ತಿದ. “ನೋಡಿ, ಮೇಡಂ ಇಲ್ಲಿ ಪೊಲೀಸರ ಹಾಗೆ ಕೇಳಿದ್ರು. ಅದು ತಪ್ಪು. ಇವಳೂ ಇವತ್ತು ಯಾಕೋ ಸಪ್ಪೆ. ಇದೇ ಜಾಗದಲ್ಲಿ ನಾವು—”

“ಎಲ್ಲರೂ ಹೊರಗೆ ಹೋಗಿ,” ಎಂದಳು ಕತ್ತರಿ ಮೇಡಂ.

“ಮೇಡಂ, ಇದು ಬರೀ ಅಭ್ಯಾಸ.”

“ಮೊದಲು ನೀವು ಹೋಗಿ.”

ಆಕೆಯ ಕಚೇರಿಯವರಿಗೆ ಆ ದನಿಯ ಪರಿಚಯವಿತ್ತು. ಕುರ್ಚಿಗಳು ಸರಿದವು. ತರಬೇತುದಾರ ಊಟದ ಬಿಡುವು ಎಂದು ನಗುತ್ತ ಸಾರಿ, ಹೋಗುವ ಮುಂಚೆ ಹೆಂಗಸಿನತ್ತ ಬಾಗಿ, “ಬೇಗ ಮುಗಿಸು,” ಎಂದ.

ಬಾಗಿಲು ಮುಚ್ಚಿತು. ಮುಂದೇನು ಕೇಳಬೇಕೆಂದು ಕತ್ತರಿ ಮೇಡಂಗೆ ತಿಳಿಯಲಿಲ್ಲ. ಮೇಜಿನ ಮೇಲಿದ್ದ ಗುಮಾಸ್ತನ ತಲೆ ನೆನಪಾಯಿತು. ಅದರ ಪಕ್ಕದಲ್ಲೇ ತಾನು ಫೈಲುಗಳನ್ನು ದಪ್ಪೆಂದು ಹಾಕಿ ಹೋದದ್ದೂ. ಕುರ್ಚಿಯನ್ನು ಎಳೆದು ಹೆಂಗಸಿನ ಪಕ್ಕಕ್ಕೆ ಹಾಕಿಕೊಂಡಳು.

“ಈಗಲೇ ಆಸ್ಪತ್ರೆಗೆ ಹೋಗೋಣ. ನನ್ನ ಕಾರಿದೆ. ಡಾಕ್ಟರು ನೋಡೋವರೆಗೂ ಪಕ್ಕದಲ್ಲೇ ಕೂತಿರ್ತೀನಿ. ನಿಮ್ಮನ್ನ ಒಬ್ಬರೇ ಬಿಡೋ ಮಾತೇ ಇಲ್ಲ.”

ಹೆಂಗಸು ಮೊದಲ ಬಾರಿಗೆ ತಲೆಯೆತ್ತಿ ಆಕೆಯ ಮುಖ ನೋಡಿದಳು. “ನೀವು ನಂಬಿದ್ರಾ?”

“ನಂಬಿದೆ.”

ಆಗ ಅವಳು ಅತ್ತಳು. ಮೂಗು ಸೋರಿಸಿಕೊಂಡು, ಬಾಯಿ ಸೊಟ್ಟ ಮಾಡಿಕೊಂಡು, ಯಾರಿಗೂ ತೋರಿಸಲಾಗದಂತೆ ಅತ್ತಳು. ಕತ್ತರಿ ಮೇಡಂ ಅವಳ ಕೈ ಹಿಡಿದುಕೊಂಡೇ ಇದ್ದಳು. ಅಳು ಇಳಿದ ಮೇಲೆ ಇಬ್ಬರೂ ಎದ್ದರು.

“ಇದನ್ನ ಮುಂಚೆ ಯಾರಿಗಾದ್ರೂ ಹೇಳಿದ್ದೀರಾ?”

“ನಿನ್ನೆ. ನಮ್ಮ ಮನೆಯವರಿಗೆ.”

“ಏನಂದ್ರು?”

ಹೊರಗಿನಿಂದ ತರಬೇತುದಾರನ ನಗು ಕೇಳಿಸುತ್ತಿತ್ತು. ಹೆಂಗಸು ಸೆರಗಿನಿಂದ ಮುಖ ಒರೆಸಿಕೊಂಡಳು.

“‘ಚೆನ್ನಾಗಿ ಬಂತು. ನಾಳೆ ಅಲ್ಲೂ ಹೀಗೇ ಹೇಳು’ ಅಂದ್ರು.”