ಕೋಚ್ ಕೊಟ್ಟ ಸ್ಟಾಪ್‌ವಾಚ್

ಮ್ಯಾರಥಾನಿನಲ್ಲಿ ಮೂರು ಸಲ ರಾಷ್ಟ್ರೀಯ ಚಿನ್ನ ಗೆದ್ದಿದ್ದರೂ ನಾಗಮಣಿ ಕೈಗೆ ವಾಚು ಕಟ್ಟಿದವಳಲ್ಲ. "ಓಡೋದು ನಿನ್ ಕೆಲ್ಸ, ಟೈಮ್ ನೋಡೋದು ನನ್ ಕೆಲ್ಸ" ಎಂದು ಅವಳ ಹದಿನಾರನೇ ವಯಸ್ಸಿನಲ್ಲೇ ಕೋಚ್ ಹೇಳಿಬಿಟ್ಟಿದ್ದರು. ಅವರು ಸ್ಕೂಟರಿನಲ್ಲಿ ಹಿಂದೆ ಬರುತ್ತಿದ್ದರು. ಅವರು ಹೇಳಿದ್ದೇ ಅವಳಿಗೆ ವೇಳೆ.

ಈ ಸಲ ಏಷ್ಯನ್ ಕೂಟದ ತಂಡದಲ್ಲಿ ಉಳಿದಿದ್ದದ್ದು ಒಂದೇ ಜಾಗ. ಆಯ್ಕೆಗೆ ಮುಂಚಿನ ಕೊನೆಯ ಮೂವತ್ತು ಕಿಲೋಮೀಟರ್ ಮುಗಿಸಿ ಅವಳು ಮೊಣಕಾಲು ಹಿಡಿದು ಬಗ್ಗಿ ನಿಂತಾಗ ಕೋಚ್ ನಿಟ್ಟುಸಿರುಬಿಟ್ಟರು.

"ಎರಡು ಗಂಟೆ ಆಯ್ತು ಕಣಮ್ಮ. ಚಿನ್ನ ಗೆದ್ದ ವರ್ಷ ಒಂದು ಗಂಟೆ ಐವತ್ತು ನಿಮಿಷಕ್ಕೇ ಮುಗ್ಸಿದ್ದೆ."

"ಕಾಲು ಹಗುರವಾಗೇ ಇತ್ತಲ್ಲಾ ಸರ್?"

"ಕಾಲು ಸುಳ್ಳು ಹೇಳುತ್ತೆ, ವಾಚ್ ಹೇಳಲ್ಲ. ಮೂವತ್ನಾಲ್ಕಾಯ್ತು ನಿಂಗೆ. ಮರ್ಯಾದೆಯಾಗಿ ಬಿಟ್ಬಿಡು."

ಅವಳು ಬಿಟ್ಟಳು. ಜಾಗ ಕೋಚ್ ಮಗಳು ಅನಘಾಳಿಗೆ ಹೋಯಿತು. ನಾಗಮಣಿಯೇ ಅವಳನ್ನು ಮೊದಲು ತಬ್ಬಿಕೊಂಡದ್ದು.

ಬೀಳ್ಕೊಡುಗೆಯ ದಿನ ಶಾಲು, ಹಾರ, ಪೇಟ ಎಲ್ಲ ಆದಮೇಲೆ ಕೋಚ್ ಕಣ್ಣೊರೆಸಿಕೊಳ್ಳುತ್ತ ತಮ್ಮ ಕೊರಳಲ್ಲಿದ್ದ ಸ್ಟಾಪ್‌ವಾಚನ್ನು ತೆಗೆದು ಅವಳ ಕೊರಳಿಗೆ ಹಾಕಿದರು. "ನಿನ್ನ ಹಿಂದೇನೇ ಓಡಿದ್ದು ಇದು. ನಿನ್ ಹತ್ರಾನೇ ಇರ್ಲಿ." ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಪಕ್ಕದಲ್ಲಿದ್ದ ಅನಘಾ ಅಕ್ಕರೆಯಿಂದ ಅವಳ ಕಿವಿಯಲ್ಲಿ ಹೇಳಿದಳು: "ಅಕ್ಕಾ, ಆ ಕೆಳಗಿನ ಗುಂಡಿ ಒತ್ತಿ. ನಿಮ್ಮ ಕೊನೇ ಓಟ ಇನ್ನೂ ಅದ್ರೊಳಗೇ ಇರುತ್ತೆ. ಅಪ್ಪಂಗೆ ಇದೆಲ್ಲ ಗೊತ್ತೇ ಇಲ್ಲ."

ನಾಗಮಣಿ ಒತ್ತಿದಳು. ಮೊದಲು ಆ ಕೊನೆಯ ಮೂವತ್ತು ಕಿಲೋಮೀಟರ್ ಓಡಿದ ದಿನದ ತಾರೀಖು ಮೂಡಿತು, ಅದರ ಕೆಳಗೆ ವೇಳೆ: ಒಂದು ಗಂಟೆ ನಲವತ್ತೆಂಟು ನಿಮಿಷ.